ಮರಳು ದ್ವೀಪದಲ್ಲಿ ಮೂರು ರಾತ್ರಿ: ಟೆಂಟೋ, ಗ್ಲ್ಯಾಂಪಿಂಗೋ?

ಪ್ರಶ್ನೆ: ನಾವು ಬೆಂಗಳೂರಿನ ಬಸವನಗುಡಿಯವರು. ಮಗಳು ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿದ್ದಾಳೆ. ಏಪ್ರಿಲ್–ಮೇ ರಜೆಯಲ್ಲಿ ನಾನು (66), ಪತ್ನಿ (61), ಮಗ, ಸೊಸೆ, 7 ವರ್ಷದ ಮೊಮ್ಮಗ ಅಲ್ಲಿಗೆ ಹೋಗುವವರಿದ್ದೇವೆ. ಎಲ್ಲರೂ ಸೇರಿ ಮೂರು ರಾತ್ರಿ ಹತ್ತಿರದ ಯಾವುದಾದರೂ ದ್ವೀಪದಲ್ಲಿ ಉಳಿಯಬೇಕೆಂದಿದೆ. ಫೋರ್‌ವೀಲ್ ಡ್ರೈವ್ ಬಾಡಿಗೆಗೆ ಹಿಡಿದು ಕ್‌ಗಾರಿ ದ್ವೀಪಕ್ಕೆ ಹೋಗಿ ಸಮುದ್ರದಂಡೆಯಲ್ಲೇ ಟೆಂಟ್ ಹಾಕೋಣ ಎಂಬುದು ಮಗನ ಆಸೆ. ನನಗೆ ಸೊಂಟನೋವು, ನೆಲದ ಮೇಲೆ ಮಲಗಿದರೆ ಬೆಳಿಗ್ಗೆ ಏಳಲಾಗುವುದಿಲ್ಲ. ಮೊದಲೇ ಹೂಡಿಟ್ಟ, ಹಾಸಿಗೆ ಹಾಸಿದ ಟೆಂಟಿನಲ್ಲಿ ಉಳಿಯುವ ‘ಗ್ಲ್ಯಾಂಪಿಂಗ್’ ಮಾಡಿ ಎಂದು ಮಗಳು ಹೇಳುತ್ತಾಳೆ. ನಾವು ಸಸ್ಯಾಹಾರಿಗಳು. ಯಾವ ದ್ವೀಪ ಒಳ್ಳೆಯದು? ಇಲ್ಲಿಂದ ಏನೇನು ಒಯ್ಯಬೇಕು?

ಉತ್ತರ: ಕ್ಯಾಂಪಿಂಗೋ ಗ್ಲ್ಯಾಂಪಿಂಗೋ ಎನ್ನುವುದನ್ನು ಆಮೇಲೆ ನೋಡೋಣ. ಮರಳಿನ ಮೇಲೆ ಗಾಡಿ ಓಡಿಸುತ್ತೀರೋ ಇಲ್ಲವೋ ಎನ್ನುವುದು ಮೊದಲು ಇತ್ಯರ್ಥವಾಗಬೇಕು. ಬ್ರಿಸ್ಬೇನ್ ಸುತ್ತಮುತ್ತಲಿನ ಮೂರು ದೊಡ್ಡ ದ್ವೀಪಗಳೂ ಮರಳಿನವೇ. ಯಾವ ದ್ವೀಪ, ಎಂಥ ಟೆಂಟ್, ಎಷ್ಟು ನೀರು, ಎಷ್ಟು ಗ್ಯಾಸ್ ಎಂಬುದೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ. ನಿಮ್ಮ ಕುಟುಂಬ ಮರಳಿನ ಮೇಲೆ ಓಡಿಸುವುದು ಬೇಡ. ಹಾಗಾಗಿ ನಿಮ್ಮದು ನಾರ್ತ್ ಸ್ಟ್ರಾಡ್‌ಬ್ರೋಕ್ ದ್ವೀಪ. ಅಲ್ಲಿನ ಮೂಲನಿವಾಸಿ ಕ್ವಾಂಡಮೂಕ ಜನ ಅದನ್ನು ಮಿಂಜೆರಿಬಾ ಎನ್ನುತ್ತಾರೆ, ಊರಿನವರ ಬಾಯಲ್ಲಿ ಅದು ಬರೀ ‘ಸ್ಟ್ರಾಡಿ’. ಅಲ್ಲಿ ಒಂದೇ ಕ್ಯಾಂಪ್‌ಗ್ರೌಂಡ್‌ನಲ್ಲಿ ನಿಮ್ಮಿಬ್ಬರಿಗೆ ಮಂಚವಿರುವ ಸಿದ್ಧ ಟೆಂಟು ಅಥವಾ ಕ್ಯಾಬಿನ್, ಮಗನ ಸಂಸಾರಕ್ಕೆ ಪಕ್ಕದಲ್ಲೇ ಟೆಂಟ್ ಹಾಕುವ ಜಾಗ ಹಿಡಿಯಿರಿ. ಇಡೀ ಮನೆಗೆ ಒಂದೇ ಬಗೆಯ ವಸತಿ ಇರಬೇಕೆಂದು ಯಾರೂ ಕಟ್ಟು ಮಾಡಿಲ್ಲ.

ಮಗನಿಗೆ ಬೇಸರವಾಗಬಾರದು, ಆದ್ದರಿಂದ ಕ್‌ಗಾರಿ ಯಾಕೆ ಬೇಡ ಎನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಿಂದೆ ಫ್ರೇಸರ್ ಎಂದು ಕರೆಯುತ್ತಿದ್ದ ಈ ದ್ವೀಪಕ್ಕೆ 2023ರಲ್ಲಿ ಅಧಿಕೃತವಾಗಿ ಮೂಲ ಹೆಸರು ವಾಪಸ್ ಬಂತು. ಜಗತ್ತಿನ ಅತಿ ದೊಡ್ಡ ಮರಳು ದ್ವೀಪ ಇದು, ಉದ್ದ 120 ಕಿ.ಮೀ.ಗಿಂತ ಹೆಚ್ಚು, 1992ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ನೋಡಲೇಬೇಕಾದ ಜಾಗ, ಅನುಮಾನವಿಲ್ಲ. ಆದರೆ ಅಲ್ಲಿ ಸಮುದ್ರದಂಡೆಯೇ ಹೆದ್ದಾರಿ. ಇಳಿತದ ಹೊತ್ತಿನ ಹಿಂದೆ ಮುಂದೆ ಎರಡೆರಡು ಗಂಟೆ ಗಟ್ಟಿಯಾದ ಒದ್ದೆ ಮರಳು ಸಿಗುತ್ತದೆ, ಓಡಿಸುವುದಿದ್ದರೆ ಆಗಲೇ. ಭರತ ಬಂತೆಂದರೆ ಗಾಡಿ ಮೇಲಿನ ಪುಡಿ ಮರಳಿಗೆ ಹತ್ತಬೇಕು, ಅಲ್ಲಿ ಹೂತುಕೊಳ್ಳುತ್ತದೆ. ಹೊಸಬರು ಸಾಮಾನ್ಯವಾಗಿ ಎಡವುವುದು ಟಯರಿನ ಗಾಳಿಯ ವಿಷಯದಲ್ಲಿ. ಟಾರು ರಸ್ತೆಯ 35 ಪಿಎಸ್‌ಐನಲ್ಲೇ ಮರಳಿಗೆ ಇಳಿಯುತ್ತಾರೆ. ಅದನ್ನು 18ರ ಆಸುಪಾಸಿಗೆ ಇಳಿಸಿದರೆ ಟಯರ್ ಚಪ್ಪಟೆಯಾಗಿ ನೆಲಕ್ಕೆ ತಾಗುವ ಜಾಗ ಉದ್ದವಾಗುತ್ತದೆ, ಗಾಡಿ ಮರಳಿನ ಮೇಲೆ ತೇಲಿದಂತೆ ಸಾಗುತ್ತದೆ. ಇಳಿಸದಿದ್ದರೆ ಚಕ್ರ ತಾನಿರುವಲ್ಲೇ ಗುಂಡಿ ತೋಡುತ್ತದೆ, ಆಕ್ಸಿಲರೇಟರ್ ಒತ್ತಿದಷ್ಟೂ ಗುಂಡಿ ಆಳ. ಗಾಳಿ ಇಳಿಸಿದ ಮೇಲೆ ವೇಗವಾಗಿ ತಿರುವು ತೆಗೆದರೆ ಟಯರು ರಿಮ್ಮಿನಿಂದ ಕಳಚಿ ಬರಬಹುದು, ಅದು ಇನ್ನೊಂದು ಫಜೀತಿ. ಇದರ ಮೇಲೆ, ಬಾಡಿಗೆ ಗಾಡಿಯ ವಿಮೆ ಬಹುತೇಕ ಉಪ್ಪುನೀರಿನ ಹಾನಿಯನ್ನು ಒಳಗೊಳ್ಳುವುದಿಲ್ಲ. ಎಷ್ಟೋ ಕಂಪನಿಗಳು ತಮ್ಮ ಗಾಡಿಯನ್ನು ಮರಳಿಗೆ ಇಳಿಸುವುದಕ್ಕೇ ಬಿಡುವುದಿಲ್ಲ, ಅದು ಒಪ್ಪಂದದ ಸಣ್ಣ ಅಕ್ಷರಗಳಲ್ಲಿ ಇರುತ್ತದೆ.

ಎರಡನೆಯ ಕಾರಣ ಮೊಮ್ಮಗ. ಕ್‌ಗಾರಿಯಲ್ಲಿ ಡಿಂಗೊ ಎಂಬ ಕಾಡುನಾಯಿಗಳಿವೆ. ಮಕ್ಕಳು ಸದಾ ದೊಡ್ಡವರ ಕೈಗೆಟುಕುವಷ್ಟು ಹತ್ತಿರ ಇರಬೇಕೆಂದು ಅಲ್ಲಿನ ಉದ್ಯಾನ ಇಲಾಖೆ ಹೇಳುತ್ತದೆ. 14 ವರ್ಷದೊಳಗಿನವರು ಜೊತೆಗಿದ್ದರೆ ಬೇಲಿಯಿರುವ ಕ್ಯಾಂಪ್‌ಗ್ರೌಂಡ್‌ನಲ್ಲೇ ಉಳಿಯಿರಿ ಎಂಬ ಸಲಹೆಯೂ ಇದೆ. ಅಂದಮೇಲೆ ಮಗ ಕಂಡ ಬೀಚ್ ಟೆಂಟಿನ ಕನಸು ನಿಮ್ಮ ತಂಡಕ್ಕೆ ಅಲ್ಲಿ ಹೇಗೂ ಸರಿಹೊಂದುವುದಿಲ್ಲ. ಆಸೆ ತೀರಲೇಬೇಕಿದ್ದರೆ ಅವನು ಮಾರ್ಗದರ್ಶಿ ಇರುವ ಒಂದು ದಿನದ ಟ್ರಿಪ್ಪಿಗೆ ಹೋಗಿ ಬರಲಿ, ಸ್ಟಿಯರಿಂಗ್ ಬೇರೆಯವರ ಕೈಯಲ್ಲಿರಲಿ.

ಇನ್ನು ಮೂರನೆಯ ದ್ವೀಪ ಮೋರ್ಟನ್, ಮೂಲ ಹೆಸರು ಮುಲ್ಗುಂಪಿನ್. ಬಹುಪಾಲು ರಾಷ್ಟ್ರೀಯ ಉದ್ಯಾನ. ದಡದ ಹತ್ತಿರ ಹಳೆಯ ಹಡಗುಗಳನ್ನು ಸಾಲಾಗಿ ಮುಳುಗಿಸಿ ನಿಲ್ಲಿಸಿದ್ದಾರೆ, ಸ್ನಾರ್ಕೆಲಿಂಗ್‌ಗೆ ಜನ ಮುಗಿಬೀಳುತ್ತಾರೆ. ಅಲ್ಲಿ ಟಾರು ರಸ್ತೆಯೇ ಇಲ್ಲ. ದೋಣಿಯ ಹೊಟ್ಟೆಯಿಂದ ಗಾಡಿ ನೇರ ಮರಳಿಗೆ ಇಳಿಯುತ್ತದೆ. ಅದೂ ಈ ಸಲಕ್ಕಲ್ಲ.

ಸ್ಟ್ರಾಡಿಗೆ ಬರೋಣ. ಬ್ರಿಸ್ಬೇನ್ ಊರಿನಿಂದ ಕ್ಲೀವ್‌ಲ್ಯಾಂಡ್ ಎಂಬಲ್ಲಿಗೆ ಲೋಕಲ್ ರೈಲಿದೆ, ಸುಮಾರು ಒಂದು ಗಂಟೆಯ ದಾರಿ. ಅಲ್ಲಿನ ಟೂಂಡಾ ಬಂದರಿನಿಂದ ಕಾರು ಹತ್ತಿಸುವ ದೊಡ್ಡ ಫೆರ್ರಿ ದ್ವೀಪದ ಡನ್‌ವಿಚ್‌ಗೆ 50 ನಿಮಿಷದಲ್ಲಿ ಮುಟ್ಟುತ್ತದೆ. ಜನರನ್ನು ಮಾತ್ರ ಒಯ್ಯುವ ವಾಟರ್ ಟ್ಯಾಕ್ಸಿಗೆ 25 ನಿಮಿಷ ಸಾಕು. ಡನ್‌ವಿಚ್, ಅಮಿಟಿ, ಪಾಯಿಂಟ್ ಲುಕ್‌ಔಟ್ ಎಂಬ ಮೂರು ಊರುಗಳ ನಡುವೆ ಒಳ್ಳೆಯ ಟಾರು ರಸ್ತೆಯಿದೆ, ಫೋರ್‌ವೀಲ್ ಬೇಡ, ಮಾಮೂಲಿ ಕಾರೇ ಸಾಕು. ಮೇನ್ ಬೀಚ್ ಮತ್ತು ಫ್ಲಿಂಡರ್ಸ್ ಬೀಚಿನ ಕ್ಯಾಂಪಿಂಗ್ ಜಾಗಗಳಿಗೆ ಮಾತ್ರ ಫೋರ್‌ವೀಲ್ ಬೇಕು, ಬುಕ್ ಮಾಡುವಾಗ ಅವೆರಡನ್ನು ತಪ್ಪಿಸಿ. ಉಳಿದವುಗಳಲ್ಲಿ ಪಾಯಿಂಟ್ ಲುಕ್‌ಔಟ್ ಕಡೆಯ ಆ್ಯಡರ್ ರಾಕ್, ಹೋಮ್ ಬೀಚ್, ಸಿಲಿಂಡರ್ ಬೀಚ್ ನಿಮಗೆ ಹೊಂದುತ್ತವೆ. ಕೊಲ್ಲಿಯ ಕಡೆಗಿರುವ ಆ್ಯಡಮ್ಸ್ ಮತ್ತು ಬ್ರಾಡ್‌ಬರೀಸ್ ಬೀಚುಗಳಿಂದ ಡನ್‌ವಿಚ್‌ನ ಅಂಗಡಿ ಹತ್ತಿರವೇನೋ ಹೌದು, ಆದರೆ ಅಲ್ಲಿ ಗಾಳಿ ಕಡಿಮೆ, ಗಾಳಿ ಕಡಿಮೆಯಿದ್ದಲ್ಲಿ ನುಸಿ ಜಾಸ್ತಿ.

ಆ ನುಸಿಯ ಬಗ್ಗೆ ಒಂದೆರಡು ಮಾತು ಹೆಚ್ಚೇ ಹೇಳಬೇಕು. ಬೆಂಗಳೂರಿನಿಂದ ಹೋಗುವವರು ಸೊಳ್ಳೆಗೆ ತಯಾರಾಗಿ ಹೋಗಿ ಇದರ ಕೈಯಲ್ಲಿ ಸಿಕ್ಕಿಬೀಳುತ್ತಾರೆ. ಮ್ಯಾಂಗ್ರೋವ್ ಮತ್ತು ಕೆಸರು ದಂಡೆಯಲ್ಲಿ ಹುಟ್ಟುವ ಈ ಕೀಟ ಕಣ್ಣಿಗೆ ಬೀಳದಷ್ಟು ಸಣ್ಣದು. ನಮ್ಮ ಮನೆಯ ಸೊಳ್ಳೆಪರದೆಯ ತೂತಿನಲ್ಲಿ ಸಲೀಸಾಗಿ ನುಸುಳುತ್ತದೆ. ಕಚ್ಚಿದ ಜಾಗ ಎರಡು ಮೂರು ದಿನ ತುರಿಸುತ್ತಲೇ ಇರುತ್ತದೆ, ಕೆರೆದರೆ ಗಾಯ. ಅಮಾವಾಸ್ಯೆ ಹುಣ್ಣಿಮೆಯ ದೊಡ್ಡ ಭರತಗಳ ಸುತ್ತ ಕೊಲ್ಲಿಯ ಕಡೆ ಇದರ ಕಾಟ ಹೆಚ್ಚು, ಅದರಲ್ಲೂ ಬೆಳಗಿನ ಜಾವ ಮತ್ತು ಮುಸ್ಸಂಜೆ. ದಿನಾಂಕ ಗೊತ್ತುಮಾಡಲು ನಿಮ್ಮ ಗೋಡೆಯ ಮೇಲಿನ ಪಂಚಾಂಗದ ಕ್ಯಾಲೆಂಡರೇ ಸಾಕು. ಅಷ್ಟಮಿ ನವಮಿಯ ಆಸುಪಾಸಿನ ದಿನಗಳನ್ನು ಹಿಡಿಯಿರಿ, ನಮ್ಮಲ್ಲಿ ಅವನ್ನು ಪ್ರಯಾಣಕ್ಕೆ ಒಳ್ಳೆಯ ತಿಥಿಗಳೆಂದು ಯಾರೂ ಎಣಿಸುವುದಿಲ್ಲ ಬಿಡಿ. ಟೆಂಟ್ ಕೊಳ್ಳುವಾಗ ಜಾಲರಿ ಅತಿ ಸಣ್ಣ ಕಣ್ಣಿನದೇ ಎಂದು ಕೇಳಿ ನೋಡಿ. ಗ್ಲ್ಯಾಂಪಿಂಗ್ ಟೆಂಟಿನಲ್ಲಿ ಫ್ಯಾನ್ ಇದ್ದರೆ ಅದನ್ನು ಕಾಲಿನ ಕಡೆಯಿಂದ ಬೀಸುವಂತೆ ಇಡಿ, ಬೀಸುವ ಗಾಳಿಯಲ್ಲಿ ಈ ಕೀಟ ನಿಲ್ಲಲಾರದು. ಸಂಜೆ ಉದ್ದ ತೋಳಿನ ತೆಳು ಬಟ್ಟೆ, ಕಾಲುಚೀಲ, ಡೀಟ್ ಅಥವಾ ಪಿಕಾರಿಡಿನ್ ಇರುವ, ಕೀಟ ಓಡಿಸುವ ಲೋಷನ್. ಸೊಳ್ಳೆಯಿಂದ ಹರಡುವ ರಾಸ್ ರಿವರ್ ಜ್ವರವೂ ಆ ಭಾಗದಲ್ಲಿದೆ, ತಿಂಗಳುಗಟ್ಟಲೆ ಕೀಲುನೋವು ಉಳಿಸಿ ಹೋಗುತ್ತದೆ. ಸೊಂಟನೋವಿನ ನಿಮಗೆ ಅದೊಂದು ಬೇಡ.

ಕಾಲದ ಲೆಕ್ಕಕ್ಕೆ ನಿಮ್ಮ ಏಪ್ರಿಲ್–ಮೇ ಆಯ್ಕೆ ಚೆನ್ನಾಗಿ ಕೂಡಿಬಂದಿದೆ. ನಮ್ಮ ಬೇಸಿಗೆ ರಜೆ ಅವರ ಶರತ್ಕಾಲ. ಡಿಸೆಂಬರಿನಿಂದ ಫೆಬ್ರುವರಿವರೆಗಿನ ಸೆಕೆ, ಗುಡುಗು ಮಳೆ ಕಳೆದಿರುತ್ತದೆ. ಏಪ್ರಿಲ್‌ನಲ್ಲಿ ಬ್ರಿಸ್ಬೇನ್‌ನ ಹಗಲು 26–27 ಡಿಗ್ರಿ, ರಾತ್ರಿ 16–17. ಮೇ ತಿಂಗಳಲ್ಲಿ ರಾತ್ರಿ 13–14ಕ್ಕೆ ಇಳಿಯುತ್ತದೆ, ಅಂದರೆ ನಮ್ಮ ಡಿಸೆಂಬರಿನ ಚಳಿಗಿಂತ ಒಂದು ಕೈ ಮೇಲೆ. ಸಮುದ್ರದ ನೀರು ಇನ್ನೂ ಬೆಚ್ಚಗೆ, ಸುಮಾರು 24. ಚಂಡಮಾರುತದ ಋತು ನವೆಂಬರಿನಿಂದ ಏಪ್ರಿಲ್‌ವರೆಗೆ. ಇಷ್ಟು ದಕ್ಷಿಣಕ್ಕೆ ಅವು ಬರುವುದು ಅಪರೂಪ, ಹಾಗೆಂದು ಬರುವುದೇ ಇಲ್ಲವೆಂದಲ್ಲ. 2025ರ ಮಾರ್ಚ್‌ನಲ್ಲಿ ಆಲ್ಫ್ರೆಡ್ ಎಂಬ ಚಂಡಮಾರುತ ಬ್ರಿಸ್ಬೇನ್ ಪಕ್ಕದಲ್ಲೇ ದಡ ಮುಟ್ಟಿ ಆ ಕರಾವಳಿಯ ಬೀಚುಗಳ ಮರಳನ್ನು ಕೊಚ್ಚಿಕೊಂಡು ಹೋಯಿತು. ಆದ್ದರಿಂದ ಏಪ್ರಿಲ್ ಕೊನೆಯ ವಾರದ ನಂತರದ ದಿನಗಳು ಹೆಚ್ಚು ನೆಮ್ಮದಿ.

ಆದರೆ ಕ್ಯಾಲೆಂಡರಿನಲ್ಲಿ ಮೂರು ಕಡೆ ಗುಂಡಿಗಳಿವೆ: ಈಸ್ಟರ್, ಏಪ್ರಿಲ್ 25ರ ಸೈನಿಕ ಸ್ಮರಣೆಯ ಆ್ಯನ್‌ಜಾಕ್ ದಿನ, ಮೇ ತಿಂಗಳ ಮೊದಲ ಸೋಮವಾರದ ಕಾರ್ಮಿಕ ದಿನ. ಈಸ್ಟರಿಗೆ ಅವರ ಶಾಲೆಗೂ ರಜೆ. ಆ ವಾರಾಂತ್ಯಗಳಲ್ಲಿ ಜಾಗವೂ ಸಿಗದು, ಫೆರ್ರಿಯೂ ಸಿಗದು, ಸಿಕ್ಕರೂ ಪಕ್ಕದ ಟೆಂಟಿನವರ ಹಾಡು ಕೇಳುತ್ತಾ ಮಲಗಬೇಕು. ಮೇ ಎರಡನೆಯ ವಾರ, ಮಂಗಳವಾರ ಹೋಗಿ ಶುಕ್ರವಾರ ಬರುವಂತೆ ಇಟ್ಟುಕೊಳ್ಳಿ. ಮೊಮ್ಮಗನಿಗೆ ತಿಮಿಂಗಿಲ ತೋರಿಸುವ ಆಸೆ ಇದ್ದರೆ ಈಗಲೇ ಹೇಳಿಬಿಡುತ್ತೇನೆ, ಅವು ದಕ್ಷಿಣದಿಂದ ಬರುವುದು ಜೂನ್‌ ಹೊತ್ತಿಗೆ, ಅಕ್ಟೋಬರ್‌ವರೆಗೂ ಕಾಣುತ್ತವೆ. ಮೇನಲ್ಲಿ ಡಾಲ್ಫಿನ್, ಕಡಲಾಮೆ, ಸಂಜೆ ಹುಲ್ಲುಗಾವಲಿಗೆ ಇಳಿಯುವ ಕಾಂಗರೂ ಇಷ್ಟಕ್ಕೆ ತೃಪ್ತಿಪಡಬೇಕು. ದಸರೆ ರಜೆಗೆ ಮುಂದೂಡಿದರೆ ತಿಮಿಂಗಿಲವೇನೋ ಸಿಗಬಹುದು, ಜೊತೆಗೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ದಿನಗಳವರೆಗಿನ ಅವರ ಶಾಲಾ ರಜೆಯ ನೂಕುನುಗ್ಗಲೂ ಸಿಗಬಹುದು.

ಬುಕಿಂಗ್‌ನಲ್ಲಿ ಒಂದು ಕ್ರಮವಿದೆ. ಜಾಗ ಮತ್ತು ಕಾರು ಫೆರ್ರಿ ಎರಡನ್ನೂ ಒಂದೇ ಕೂತಲ್ಲಿ ಮುಗಿಸಬೇಕು. ಜಾಗ ಸಿಕ್ಕಿತೆಂದು ಖುಷಿಯಾಗಿದ್ದು, ಫೆರ್ರಿ ನೋಡಿದರೆ ಬೆಳಗಿನವೆಲ್ಲ ಭರ್ತಿ, ಸಂಜೆ ನಾಲ್ಕರದ್ದು ಮಾತ್ರ ಖಾಲಿ ಎಂಬ ಪರಿಸ್ಥಿತಿ ಬರಬಾರದು. ಯಾಕೆಂದರೆ ಮೇ ತಿಂಗಳಲ್ಲಿ ಬ್ರಿಸ್ಬೇನ್‌ನ ಸೂರ್ಯ ಸಂಜೆ ಐದು ಗಂಟೆ ಕಳೆಯುತ್ತಿದ್ದಂತೆ ಮುಳುಗುತ್ತಾನೆ. ಆರೂವರೆವರೆಗೂ ಬೆಳಕು ಕಾಣುವ ಬೆಂಗಳೂರಿನ ಅಭ್ಯಾಸ ಅಲ್ಲಿ ಕೈಕೊಡುತ್ತದೆ. ಕತ್ತಲಲ್ಲಿ ಹೊಸ ಟೆಂಟನ್ನು ಮೊದಲ ಸಲ ಬಿಚ್ಚಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ಕಂಬ ಹುಡುಕುವ ಪಾಡು ಯಾರಿಗೂ ಬೇಡ. ಬೆಳಿಗ್ಗೆ 10ರ ಆಸುಪಾಸಿನ ಫೆರ್ರಿ ಹಿಡಿದರೆ ಮಧ್ಯಾಹ್ನ ಮೂರಕ್ಕೆಲ್ಲ ಮನೆ ಹೂಡಿರುತ್ತೀರಿ.

ಇನ್ನು ಗ್ಲ್ಯಾಂಪಿಂಗ್. ಜಂಗಲ್ ಲಾಡ್ಜಸ್‌ನವರ ಗಾಲಿಬೋರೆ, ಭೀಮೇಶ್ವರಿಯ ಟೆಂಟ್ ಕಾಟೇಜುಗಳಲ್ಲಿ ಉಳಿದಿದ್ದರೆ ನಿಮ್ಮ ಮನಸ್ಸಿನಲ್ಲಿ ಒಳಗೇ ಬಾತ್‌ರೂಮು, ಹೊತ್ತಿಗೆ ಸರಿಯಾಗಿ ಊಟದ ಗಂಟೆ ಇರುವ ಚಿತ್ರ ಇರುತ್ತದೆ. ಅಲ್ಲಿ ಆ ಲೆಕ್ಕ ಹಿಡಿಯಬೇಡಿ. ಒಂದೇ ಹೆಸರಿನಲ್ಲಿ ಹಾಸಿಗೆಯಷ್ಟೇ ಇರುವ ಕ್ಯಾನ್ವಾಸ್ ಗೂಡಿನಿಂದ ಹಿಡಿದು ಫ್ರಿಜ್ ಇರುವ ಕೋಣೆಯವರೆಗೆ ಎಲ್ಲವೂ ಮಾರಾಟವಾಗುತ್ತದೆ. ಫೋಟೊ ನೋಡಿ ಹಣ ಕಟ್ಟಬೇಡಿ, ಮಗಳು ಫೋನ್ ಮಾಡಿ ಕೇಳಲಿ. ಮಂಚದ ಎತ್ತರ ಎಷ್ಟು? 45ರಿಂದ 50 ಸೆಂ.ಮೀ. ಇದ್ದರೆ ನಿಮ್ಮ ಸೊಂಟ ಒಪ್ಪುತ್ತದೆ, 30ರ ಮಡಚು ಮಂಚವಾದರೆ ಏಳಲು ಒಬ್ಬರು ಕೈ ಹಿಡಿಯಬೇಕು. ಶೌಚಾಲಯ ಎಷ್ಟು ಹೆಜ್ಜೆ ದೂರ, ದಾರಿ ಗಟ್ಟಿಯೋ ಮರಳೋ, ರಾತ್ರಿ ದೀಪವಿದೆಯೇ? ಈ ಪ್ರಶ್ನೆಯನ್ನು ಬಹಳ ಜನ ಕೇಳುವುದಿಲ್ಲ, 66ರ ವಯಸ್ಸಿನಲ್ಲಿ ರಾತ್ರಿ ಎರಡು ಸಲ ಏಳುವವರಿಗೆ ಇದಕ್ಕಿಂತ ದೊಡ್ಡ ಪ್ರಶ್ನೆ ಇಲ್ಲ. ಬೆಡ್‌ಶೀಟು, ಟವೆಲು, ಹೊದಿಕೆ ಅವರೇ ಕೊಡುತ್ತಾರೋ ನಾವು ತರಬೇಕೋ? ಪ್ಲಗ್ ಪಾಯಿಂಟ್ ಇದೆಯೇ, ನೀವು ನಿದ್ದೆಯ ಉಸಿರಾಟದ ಯಂತ್ರ ಬಳಸುವವರಾದರೆ ಇದು ಮುಖ್ಯ. ಅಡುಗೆ ಎಲ್ಲಿ? ಟೆಂಟಿನೊಳಗೆ ಒಲೆ ಹಚ್ಚುವಂತಿಲ್ಲ, ಹಂಚಿಕೊಳ್ಳುವ ಅಡುಗೆಮನೆ ಇದ್ದರೆ ಅದರಲ್ಲಿ ಮಾಂಸ ಬೇಯಿಸಿದ ತವಾ ಇರುತ್ತದೆ. ನಿಮ್ಮದೇ ಒಂದು ಪಾತ್ರೆ, ಒಂದು ತವಾ, ಒಂದು ಸೌಟು ಬೇರೆ ಇಟ್ಟುಕೊಳ್ಳಿ.

ಮಗನ ಟೆಂಟಿಗೆ ಬಂದರೆ, ‘ಮೂವರ ಟೆಂಟ್’ ಎಂದು ಬರೆದದ್ದರಲ್ಲಿ ಮೂವರು ಮಗ್ಗುಲು ಬದಲಿಸಲೂ ಜಾಗವಿಲ್ಲದೆ ಮಲಗಬೇಕು. ನಾಲ್ವರದ್ದು ತೆಗೆದುಕೊಳ್ಳಿ. ಜೊತೆಗೆ ಬರುವ ತೆಳು ತಂತಿಯ ಗೂಟಗಳು ಮರಳಿನಲ್ಲಿ ಎಳೆದರೆ ಕೈಗೇ ಬರುತ್ತವೆ, ಸಮುದ್ರದ ಗಾಳಿಗೆ ತಾವೇ ಏಳುತ್ತವೆ. 30–40 ಸೆಂ.ಮೀ. ಉದ್ದದ ಅಗಲ ಗೂಟ ಅಥವಾ ತಿರುಪಿನ ಗೂಟ ಬೇಕು. ಅದೂ ಸಾಲದಿದ್ದರೆ ಹೂತ ಚೀಲದ ಉಪಾಯ: ಗಟ್ಟಿ ಬಟ್ಟೆಯ ಸಣ್ಣ ಚೀಲಕ್ಕೆ ಮರಳು ತುಂಬಿ, ಬಾಯಿ ಕಟ್ಟಿ, ಟೆಂಟಿನ ಹಗ್ಗವನ್ನು ಅದಕ್ಕೆ ಬಿಗಿದು, 40–50 ಸೆಂ.ಮೀ. ಆಳದ ಗುಂಡಿಯಲ್ಲಿ ಇಳಿಸಿ, ಮುಚ್ಚಿ, ತುಳಿದು, ಮೇಲೆ ಒಂದು ಬಕೆಟ್ ನೀರು ಸುರಿಯಿರಿ. ಒದ್ದೆ ಮರಳು ಒತ್ತಿಕೊಂಡು ಕೂರುತ್ತದೆ. ನಾಲ್ಕು ಮೂಲೆಗೆ ನಾಲ್ಕು ಚೀಲವಾದರೆ 20 ನಾಟ್ (ಗಂಟೆಗೆ ಸುಮಾರು 37 ಕಿ.ಮೀ.) ಗಾಳಿಯಲ್ಲೂ ಟೆಂಟ್ ಅಲುಗದು. ಶರತ್ಕಾಲದ ಗಾಳಿ ಹೆಚ್ಚಾಗಿ ಆಗ್ನೇಯದಿಂದ ಬೀಸುತ್ತದೆ, ಟೆಂಟಿನ ತಗ್ಗು ತುದಿ ಅತ್ತ ಇರಲಿ, ಬಾಗಿಲು ವಾಯವ್ಯಕ್ಕೆ ಇರಲಿ. ನೆರಳು ಸಿಕ್ಕಿತೆಂದು ದೊಡ್ಡ ನೀಲಗಿರಿ ಜಾತಿಯ ಮರದ ಕೆಳಗೆ ಹೂಡಬೇಡಿ, ಗಾಳಿಯಿಲ್ಲದ ದಿನವೂ ಅವು ಕೊಂಬೆ ಬೀಳಿಸುತ್ತವೆ.

ಮರಳಿನ ಟೆಂಟು ಹಾಳಾಗುವುದು ಬಟ್ಟೆ ಹರಿದಲ್ಲ, ಜಿಪ್ ಕೆಟ್ಟು. ಹಲ್ಲುಗಳ ನಡುವೆ ಮರಳು ಸೇರಿದಾಗ ಜಿಪ್ ಬಿಗಿಯುತ್ತದೆ, ಸಿಟ್ಟಿನಲ್ಲಿ ಎಳೆದರೆ ಸ್ಲೈಡರಿನ ಬಾಯಿ ಅಗಲವಾಗಿ ಆಮೇಲೆ ಮುಚ್ಚಿದರೂ ಹಿಂದಿನಿಂದ ಬಿಚ್ಚಿಕೊಳ್ಳುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ ಒಂದು ಬಾಗಿಲ ಬಳಿ ಇರಲಿ, ದಿನಕ್ಕೊಂದು ಸಲ ಉಜ್ಜಿ ಸ್ವಲ್ಪ ಸಿಹಿನೀರು ಹಾಯಿಸಿದರೆ ಸಾಕು. ಬಾಗಿಲ ಹೊರಗೆ ಒಂದು ಚಾಪೆ, ಕಾಲು ಅದ್ದಲು ಒಂದು ಟಬ್. ಒಳಗೆ ಮಲಗುವ ಚಾಪೆಯ ವಿಷಯದಲ್ಲಿ ಜಿಪುಣತನ ಬೇಡ. ರಾತ್ರಿ ಮರಳು ಮೈಯ ಬಿಸಿಯನ್ನು ಹೀರುತ್ತದೆ, ಮೇಲೆ ಎಷ್ಟು ಹೊದ್ದರೂ ಚಳಿ ಕೆಳಗಿನಿಂದ ಬರುತ್ತದೆ. ಮೇ ರಾತ್ರಿಗೆ 10 ಡಿಗ್ರಿಯ ಸ್ಲೀಪಿಂಗ್ ಬ್ಯಾಗ್ ಧಾರಾಳ.

ಟೆಂಟನ್ನು ಇಲ್ಲಿಂದ ಒಯ್ಯಬೇಕೇ? ಹೊಸದಾದರೆ ಒಯ್ಯಬಹುದು. ಕುದುರೆಮುಖಕ್ಕೋ ಕುಮಾರಪರ್ವತಕ್ಕೋ ಹೋಗಿ ಬಂದದ್ದಾದರೆ ಎರಡು ಸಲ ಯೋಚಿಸಿ. ಆಸ್ಟ್ರೇಲಿಯಾದ ಜೈವಿಕ ಸುರಕ್ಷತೆಯವರು ಟೆಂಟ್, ಬೂಟು, ಗೂಟಗಳ ಮೇಲಿನ ಮಣ್ಣು, ಬೀಜ, ಹುಲ್ಲಿನ ಎಸಳನ್ನೂ ನೋಡುತ್ತಾರೆ. ಟಾರಸಿಯ ಮೇಲೆ ಬಿಚ್ಚಿ, ಸಾಬೂನು ನೀರಲ್ಲಿ ತೊಳೆದು, ಹೊಲಿಗೆಯ ಸಂದುಗಳನ್ನೂ ಬೂಟಿನ ಅಡಿಯನ್ನೂ ಉಜ್ಜಿ, ಪೂರ್ತಿ ಒಣಗಿಸಿ ಮಡಚಿ. ವಿಮಾನದಲ್ಲಿ ಕೊಡುವ ಕಾರ್ಡಿನಲ್ಲಿ ‘ಹೌದು’ ಎಂದೇ ಗುರುತು ಹಾಕಿ. ತೋರಿಸಿದ್ದಕ್ಕೆ ದಂಡವಿಲ್ಲ, ಹೆಚ್ಚೆಂದರೆ ವಸ್ತು ಅಲ್ಲೇ ಉಳಿಯುತ್ತದೆ. ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ ಸಾವಿರಾರು ಡಾಲರ್‌ವರೆಗೂ ಹೋಗುತ್ತದೆ. ಅಡುಗೆಮನೆಯ ವಿಷಯದಲ್ಲಿ ಹಸಿ ಕರಿಬೇವು, ಹಣ್ಣು, ತರಕಾರಿ, ಬಿತ್ತುವ ಬೀಜ, ಪೇಡ ಬರ್ಫಿಯಂಥ ಹಾಲಿನ ಸಿಹಿ ಯಾವುದೂ ಬೇಡ. ಕರಿಬೇವು ನಿಂಬೆ ಕಿತ್ತಳೆಯ ಕುಟುಂಬಕ್ಕೆ ಸೇರಿದ್ದು, ಅವರ ಹಣ್ಣಿನ ತೋಟಗಳಿಗೆ ರೋಗ ಹತ್ತೀತೆಂಬ ಭಯ. ಹುಳಿಪುಡಿ, ಚಟ್ನಿಪುಡಿ, ಹುರಿದ ಕಾಫಿಪುಡಿ ಒಯ್ಯುವುದಾದರೆ ಕಂಪನಿಯ ಮುಚ್ಚಿದ ಪೊಟ್ಟಣವೇ ಇರಲಿ, ಮನೆಯಲ್ಲಿ ಕುಟ್ಟಿದ್ದಾದರೆ ಇಂಗ್ಲಿಷಿನಲ್ಲಿ ಏನೆಂದು ಬರೆದು ಅಂಟಿಸಿ, ಅದನ್ನೂ ತೋರಿಸಿ. ಅಕ್ಕಿ, ಬೇಳೆ, ರವೆ, ಅವಲಕ್ಕಿ ಬ್ರಿಸ್ಬೇನ್‌ನ ಭಾರತೀಯ ಅಂಗಡಿಗಳಲ್ಲೇ ಸಿಗುತ್ತವೆ, ಸೂಟ್‌ಕೇಸಿನ ಕಿಲೋಗಳನ್ನು ಅದಕ್ಕೆ ಸುರಿಯಬೇಡಿ. ಕಾಫಿ ಫಿಲ್ಟರ್ ಮಾತ್ರ ಒಯ್ಯಿರಿ, ಅದು ಅಲ್ಲಿ ಸುಲಭಕ್ಕೆ ಸಿಗದು. ಮಾತ್ರೆಗಳು ಮೂಲ ಪಟ್ಟಿಯಲ್ಲೇ ಇರಲಿ, ವೈದ್ಯರ ಚೀಟಿ ಇಂಗ್ಲಿಷಿನಲ್ಲಿರಲಿ. ಗ್ಯಾಸ್ ಡಬ್ಬ ಯಾವ ಬ್ಯಾಗಿನಲ್ಲೂ ವಿಮಾನ ಹತ್ತುವಂತಿಲ್ಲ.

ಗ್ಯಾಸಿನ ಲೆಕ್ಕ ಹೀಗೆ. ಅಲ್ಲಿ ಎಲ್ಲೆಲ್ಲೂ ಸಿಗುವುದು ಒಂದು ಬರ್ನರಿನ ಬ್ಯೂಟೇನ್ ಒಲೆ ಮತ್ತು 220 ಗ್ರಾಂ ಡಬ್ಬ. ಪೂರ್ತಿ ಉರಿಯಲ್ಲಿ ಅದು ಗಂಟೆಗೆ ಸುಮಾರು 150–160 ಗ್ರಾಂ ಉರಿಸುತ್ತದೆ, ಅಂದರೆ ಒಂದು ಡಬ್ಬ ಒಂದೂಕಾಲು ಗಂಟೆಗಿಂತ ತುಸು ಹೆಚ್ಚು. ಬೆಳಿಗ್ಗೆ ಕಾಫಿ ಮತ್ತು ಉಪ್ಪಿಟ್ಟಿಗೆ ಅರ್ಧ ಗಂಟೆ, ರಾತ್ರಿ ಅನ್ನ ಸಾರಿಗೆ ಮುಕ್ಕಾಲು ಗಂಟೆ ಎಂದರೆ ಆರು ಜನಕ್ಕೆ ದಿನಕ್ಕೊಂದು ಡಬ್ಬ. ಮೂರು ರಾತ್ರಿ, ಮೂರು ಬೆಳಗಿಗೆ ಮೂರು, ಕೈಯಲ್ಲಿ ಹೆಚ್ಚುವರಿ ಎರಡು, ಒಟ್ಟು ಐದು ಡಬ್ಬ ಇರಲಿ. ಬ್ಯೂಟೇನ್ ಚಳಿಗೆ ಮುದುಡುವ ಅನಿಲ, 10 ಡಿಗ್ರಿ ಹತ್ತಿರದ ಬೆಳಗಿನಲ್ಲಿ ಉರಿ ಸೊರಗುತ್ತದೆ. ರಾತ್ರಿ ಡಬ್ಬವನ್ನು ಕಾರಿನೊಳಗಿಡದೆ, ಟೆಂಟಿನ ಹೊರಗಿನ ಮುಚ್ಚಿದ ಅಂಗಳದಲ್ಲಿ ಬಟ್ಟೆ ಸುತ್ತಿಟ್ಟರೆ ಸಾಕು, ಬಿಸಿನೀರಿನಲ್ಲಿ ಅದ್ದುವ ಸಾಹಸ ಬೇಡ. ಇದಕ್ಕಿಂತ ದೊಡ್ಡ ಅಪಾಯ ನಮ್ಮ ಕಡೆಯ ಅಭ್ಯಾಸದಿಂದ ಬರುತ್ತದೆ. ದೋಸೆಯ ಅಗಲ ಕಾವಲಿ, ಐದು ಲೀಟರಿನ ಕುಕ್ಕರ್ ಇಟ್ಟರೆ ಅದರ ಅಂಚು ಡಬ್ಬ ಇರುವ ಕೋಣೆಯ ಮೇಲೆ ಚಾಚುತ್ತದೆ. ಬಿಸಿ ಕೆಳಗೆ ಹೊಡೆದು ಡಬ್ಬ ಕಾಯುತ್ತದೆ, ಅದು ಸಿಡಿಯುವುದು ಹೀಗೆಯೇ. ಪಾತ್ರೆಯ ತಳ ಒಲೆಯ ಕಬ್ಬಿಣದ ಕಾಲುಗಳನ್ನು ದಾಟಿ ಡಬ್ಬದ ಕಡೆ ಬರಬಾರದು, ಎರಡು ಒಲೆಗಳನ್ನು ಒತ್ತೊತ್ತಾಗಿ ಇಟ್ಟು ದೊಡ್ಡ ಪಾತ್ರೆ ಏರಿಸಬಾರದು. ಮಳೆ ಬಂದರೂ ಒಲೆ ಟೆಂಟಿನೊಳಗೆ ಬರಬಾರದು, ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ.

ಕುಕ್ಕರ್ ಇಲ್ಲದೆಯೂ ನಡೆಯುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಮೇಲಿದೆ, ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ದ್ವೀಪದಲ್ಲಿ 100. ಆ ಮೂರು ಡಿಗ್ರಿಯಲ್ಲಿ ತೆರೆದ ಪಾತ್ರೆಯ ಅನ್ನ ನಿಮ್ಮ ಅಂದಾಜಿಗಿಂತ ಬೇಗ ಬೇಯುತ್ತದೆ, ಪತ್ನಿಯವರು ಇಲ್ಲಿನ ಲೆಕ್ಕದಲ್ಲಿ ಬಿಟ್ಟರೆ ಮುದ್ದೆಯಾಗುತ್ತದೆ. ಬೇಳೆಗೆ ತೊಗರಿಯ ಬದಲು ಹೆಸರುಬೇಳೆ ಅಥವಾ ಮೈಸೂರು ಬೇಳೆ ಒಯ್ಯಿರಿ, ಅರ್ಧ ಗಂಟೆ ನೆನೆಸಿದರೆ ಸೀಟಿಯಿಲ್ಲದೆ ಕರಗುತ್ತವೆ. ಅಕ್ಕಿ ದಿನಕ್ಕೆ ಅರ್ಧ ಕಿಲೋ. ಮೊಸರು, ಸೊಪ್ಪು ಐಸ್ ಪೆಟ್ಟಿಗೆಯಲ್ಲಿ: ಪುಡಿ ಐಸಿಗಿಂತ ಇಡೀ ಗಟ್ಟಿ ಐಸ್ ದುಪ್ಪಟ್ಟು ಹೊತ್ತು ನಿಲ್ಲುತ್ತದೆ, ಮನೆಯಲ್ಲೇ ನೀರಿನ ಬಾಟಲಿ ಹೆಪ್ಪುಗಟ್ಟಿಸಿ ಇಟ್ಟರೆ ಕರಗಿದ ಮೇಲೆ ಕುಡಿಯಲೂ ಆಗುತ್ತದೆ. ಕಾಫಿಗೆ ಟೆಟ್ರಾ ಪ್ಯಾಕಿನ ಹಾಲು, ಐಸಿನ ಹಂಗಿಲ್ಲ. ಪೆಟ್ಟಿಗೆಗೆ ಚಿಲಕವಿರಲಿ. ಸ್ಟ್ರಾಡಿಯಲ್ಲಿ ಡಿಂಗೊ ಇಲ್ಲದಿದ್ದರೂ ಮಾರುದ್ದದ ಉಡಗಳಿವೆ, ಕಾಗೆಗಳಿವೆ, ತಟ್ಟೆಯಿಂದಲೇ ತುತ್ತು ಎಗರಿಸುವ ಕೂಕಬರಾ ಹಕ್ಕಿಗಳಿವೆ.

ಸಮುದ್ರದ ಮಾತು. ಕೆಂಪು ಹಳದಿ ಬಾವುಟಗಳ ನಡುವೆ ಮಾತ್ರ ಇಳಿಯಬೇಕು, ಬಾವುಟ ಇಲ್ಲದ ದಿನ ಇಳಿಯಬಾರದು, ಮೊಣಕಾಲಿನಷ್ಟು ನೀರಿಗೂ. ಈಜು ಬರುವವರಿಗೂ ಇದೇ ನಿಯಮ. ಎಳೆತದ ಜಾಗ ಮೋಸದ್ದು: ಎರಡು ಕಡೆ ಬಿಳಿ ನೊರೆ, ನಡುವೆ ಅಲೆ ಒಡೆಯದ, ತುಸು ಕಪ್ಪಾದ, ಶಾಂತವಾಗಿ ಕಾಣುವ ಪಟ್ಟಿ. ಹೊಸಬರು ಮಗುವಿಗೆ ಇದೇ ಸುರಕ್ಷಿತ ಎಂದು ಅಲ್ಲೇ ಇಳಿಸುತ್ತಾರೆ. ನೀರು ದಡದಿಂದ ಒಳಕ್ಕೆ ವಾಪಸ್ ಹೋಗುವ ಕಾಲುವೆ ಅದು. ಸಿಕ್ಕಿಕೊಂಡರೆ ದಡಕ್ಕೆ ನೇರ ಈಜಿ ಸುಸ್ತಾಗಬಾರದು, ತೇಲಿಕೊಂಡು ಕೈ ಎತ್ತಿ ಕರೆಯಬೇಕು. ದಡದಲ್ಲಿ ನೀಲಿ ಬಲೂನಿನಂಥ ಪುಟ್ಟ ಗುಳ್ಳೆಗಳು ಬಿದ್ದಿದ್ದರೆ ಅದು ಬ್ಲೂಬಾಟಲ್, ಸತ್ತಂತಿದ್ದರೂ ಕುಟುಕುತ್ತದೆ. ಆ ದಿನ ನೀರಿಗೆ ರಜೆ. ಕುಟುಕಿದರೆ ಉಜ್ಜದೆ ಎಳೆಗಳನ್ನು ತೆಗೆದು, ಸಮುದ್ರದ ನೀರಿನಲ್ಲೇ ತೊಳೆದು, ಆಮೇಲೆ ತಡೆಯುವಷ್ಟು ಬಿಸಿಯಾದ, ಸುಮಾರು 45 ಡಿಗ್ರಿಯ ನೀರಿನಲ್ಲಿ 20 ನಿಮಿಷ ಇಡಬೇಕು. ಮೊದಲು ದೊಡ್ಡವರ ಕೈಗೆ ಹಾಕಿ ನೋಡಿ, ಮಗುವಿನ ಚರ್ಮ ಸುಡಬಾರದು. ವಿನಿಗರ್ ಉತ್ತರ ಕ್ವೀನ್ಸ್‌ಲ್ಯಾಂಡಿನ ಬೇರೆ ಜೆಲ್ಲಿಮೀನುಗಳಿಗೆ, ಇದಕ್ಕಲ್ಲ.

ಹಾವು ಕಚ್ಚಿದಾಗಿನ ಚಿಕಿತ್ಸೆ ನಮ್ಮ ಊರಿನದಕ್ಕಿಂತ ಬೇರೆ. ಮಂಡಲದ ಹಾವು ಇರುವ ನಮ್ಮಲ್ಲಿ ಬಿಗಿದು ಕಟ್ಟಬೇಡಿ ಎನ್ನುತ್ತಾರೆ. ಆಸ್ಟ್ರೇಲಿಯಾದ ಹಾವುಗಳಿಗೆ ಅಗಲವಾದ ಎಲಾಸ್ಟಿಕ್ ಬ್ಯಾಂಡೇಜನ್ನು ಇಡೀ ಕೈ ಅಥವಾ ಕಾಲಿಗೆ ಒತ್ತಿ ಸುತ್ತಿ, ಕೋಲು ಕಟ್ಟಿ, ಕದಲದಂತೆ ಮಲಗಿಸಿ ಅಲ್ಲಿನ ತುರ್ತು ಸಂಖ್ಯೆ 000ಗೆ ಕರೆ ಮಾಡುವುದು ಪದ್ಧತಿ. ಕಚ್ಚಿದ ಜಾಗ ತೊಳೆಯಬಾರದು. 10 ಸೆಂ.ಮೀ. ಅಗಲದ ಎರಡು ಬ್ಯಾಂಡೇಜ್ ಕಿಟ್ಟಿನಲ್ಲಿರಲಿ. ಬಿಸಿಲಿಗೆ ಎಸ್‌ಪಿಎಫ್ 50, ಎರಡು ಗಂಟೆಗೊಮ್ಮೆ, ತಂಪು ಗಾಳಿ ಬೀಸುತ್ತಿದ್ದರೂ.

ಮೂರು ದಿನಕ್ಕೆ ತುಂಬ ತುರುಕಬೇಡಿ. ಒಂದು ಬೆಳಿಗ್ಗೆ ಪಾಯಿಂಟ್ ಲುಕ್‌ಔಟ್‌ನ ನಾರ್ತ್ ಗಾರ್ಜ್ ನಡಿಗೆ, ಸುಮಾರು 1.2 ಕಿ.ಮೀ.ಯ ಸುತ್ತು, ಹೆಚ್ಚಿನ ಕಡೆ ಹಲಗೆಯ ದಾರಿ, ಅಲ್ಲಲ್ಲಿ ಮೆಟ್ಟಿಲು. ನಿಧಾನಕ್ಕೆ ನಿಂತು ನಡೆದರೆ ನಿಮಗೂ ಆಗುತ್ತದೆ, ಬಂಡೆಯ ಕೆಳಗಿನ ನೀರಿನಲ್ಲಿ ಆಮೆಗಳು ಉಸಿರಿಗೆ ತಲೆ ಎತ್ತುವುದು ಮೇಲಿನಿಂದ ಕಾಣುತ್ತದೆ. ಇನ್ನೊಂದು ದಿನ ಡನ್‌ವಿಚ್ ಹತ್ತಿರದ ಬ್ರೌನ್ ಲೇಕ್. ಸುತ್ತಲಿನ ಗಿಡಗಳ ಎಲೆಯ ಒಗರು ಇಳಿದು ನೀರು ಎರಡನೇ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿದೆ, ಕೊಳಕಲ್ಲ. ಅಲೆಯಿಲ್ಲದ ಸಿಹಿನೀರು, ಮೊಮ್ಮಗನಿಗೆ ಸಮುದ್ರಕ್ಕಿಂತ ಅದೇ ಇಷ್ಟವಾದೀತು. ಬಿಸಿಲಿನ ಕ್ರೀಮ್ ಹಚ್ಚಿಕೊಂಡು ನೇರ ಇಳಿಯಬಾರದು, ಸಾಬೂನು ತರಲೇಬಾರದು: ಹೊಳೆಯಿಲ್ಲದ ಕೆರೆಯಲ್ಲಿ ಬಿದ್ದದ್ದು ಅಲ್ಲೇ ಉಳಿಯುತ್ತದೆ. ದಡದಲ್ಲೋ ದಿಬ್ಬದ ಮೇಲೋ ಹಳೆಯ ಚಿಪ್ಪುಗಳ ರಾಶಿ ಕಂಡರೆ ಕೈ ಹಾಕಬೇಡಿ, ಅವು ಕ್ವಾಂಡಮೂಕ ಪೂರ್ವಿಕರು ಉಂಡು ಬಿಟ್ಟ ಗುರುತುಗಳು.

ಹೊರಡುವ ಮುಂಚೆ ಇಲ್ಲೇ ಒಂದು ಶನಿವಾರ ಮಗ ಟಾರಸಿಯ ಮೇಲೆ ಟೆಂಟ್ ಹೂಡಲಿ, ಗೂಟದ ಬದಲು 20 ಲೀಟರಿನ ನೀರಿನ ಕ್ಯಾನು ಕಟ್ಟಲಿ, ಮೂವರೂ ಒಂದು ರಾತ್ರಿ ಅದರಲ್ಲೇ ಮಲಗಲಿ. ಕಂಬ ಯಾವ ತೋಳಿಗೆ, ಜಾಲರಿ ಹರಿದಿದೆಯೇ, ಚಾಪೆ ಸಾಕೇ ಎಲ್ಲವೂ ಗೊತ್ತಾಗುತ್ತದೆ. ಕೊನೆಯ ದಿನ ವಾಪಸ್ ಫೆರ್ರಿಯನ್ನು ಮಧ್ಯಾಹ್ನ ಎರಡರ ನಂತರದ್ದು ಮಾಡಿಸಿ. ಇಬ್ಬನಿಗೆ ಟೆಂಟ್ ಬೆಳಿಗ್ಗೆ ಒದ್ದೆಯಾಗಿರುತ್ತದೆ, ಹತ್ತು ಗಂಟೆಯ ಬಿಸಿಲು ಬಿದ್ದ ಮೇಲೆ ತಲೆಕೆಳಗಾಗಿ ಒದರಿದರೆ ಮರಳು ಅಲ್ಲೇ ಉದುರುತ್ತದೆ. ಒದ್ದೆಯಾಗಿಯೇ ಮಡಚಿ ಬೆಂಗಳೂರಿಗೆ ತಂದರೆ ಬ್ಯಾಗ್ ಬಿಚ್ಚುವ ಹೊತ್ತಿಗೆ ಬೂಷ್ಟು ಹಿಡಿದಿರುತ್ತದೆ, ಆ ವಾಸನೆ ಯಾವ ಸಾಬೂನಿಗೂ ಹೋಗುವುದಿಲ್ಲ.